ಆಗಲ್ಲ ಅಂದವರು ಅವರೆಕಾಯಿ ಸುಲಿಯಬೇಕು

ತೋವಿನಕೆರೆಯ ದೊಡ್ಡಹನುಮಯ್ಯನ ಮನೆಯಲ್ಲಿ ಒಂದು ಮಂಗಳವಾರ ಬೆಳಗ್ಗೆ ಮುದ್ದೆಯ ಪಾತ್ರೆ ಬಿತ್ತು. ಬರೀ ಪಾತ್ರೆ ಬಿದ್ದಿದ್ದರೆ ತೊಳೆದು ಬೋರಲು ಹಾಕಿ ಮರೆಯಬಹುದಿತ್ತು. ಕುದಿಯುವ ಹಿಟ್ಟು ಅವನ ಹೆಂಡತಿ ಪಟಾಲಮ್ಮನ ಎಡಗಾಲಿನ ಮೇಲೆ ಬಿತ್ತು. ಸೊಸೆ ಸಹನಾ ಬಚ್ಚಲಿನಿಂದ ಓಡಿ ಬರುವಷ್ಟರಲ್ಲಿ ಪಾದದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಎಪ್ಪತ್ತರ ಹತ್ತಿರದ ಆ ಹೆಂಗಸು ಅಳಲೂ ಇಲ್ಲ, ಕೂಗಲೂ ಇಲ್ಲ. ನೆಲದ ಮೇಲೆ ಹರಡಿದ್ದನ್ನು ನೋಡುತ್ತಾ, “ಅಷ್ಟೂ ಹಿಟ್ಟು ದಂಡ ಆಯ್ತಲ್ಲ ಸಹ್ನಾ” ಎಂದಳು.

ಪಟಾಲಮ್ಮನ ಕೈ ನಡುಗಲು ಶುರುವಾಗಿ ವರ್ಷವಾಗಿತ್ತು. ಕೊರಟಗೆರೆಯ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದ್ದರು. ಈಗ ಕಾಲಿಗೆ ಪಟ್ಟಿ ಕಟ್ಟುತ್ತಾ, “ಇನ್ಮೇಲೆ ಇವರನ್ನ ಒಲೆ ಹತ್ರ ಬಿಡಬೇಡಿ” ಎಂದರು. ಸಹನಾಳ ಗಂಡ ಭೀಮರಾಜು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್ ಆಗಿದ್ದ. ಅಲ್ಲೇ ರೂಮು ಮಾಡಿಕೊಂಡು ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಅವನು ಫೋನಿನಲ್ಲಿ ಡಾಕ್ಟರಿಗಿಂತ ಒಂದು ಹೆಜ್ಜೆ ಮುಂದೆ ಹೋದ.

“ಅಮ್ಮ ಅಡುಗೆಮನೆ ಹೊಸಿಲು ದಾಟಬಾರದು. ಇದು ನನ್ನ ಮಾತು.”

“ಸುಮ್ನೆ ಕುಂತ್ರೆ ಕೈ ನಡುಗ್ತದೆ ಕಣಮ್ಮ, ಮುದ್ದೆ ಕೋಲು ಹಿಡುದ್ರೆ ನಿಲ್ತದೆ,” ಎಂದು ಪಟಾಲಮ್ಮ ಪಕ್ಕದಿಂದ ಹೇಳುತ್ತಿದ್ದಳು. ಸಹನಾ ಗಂಡನ ಮಾತಿಗೆ ಹೂಂಗುಟ್ಟುತ್ತಾ ಅವಳತ್ತ ಬರೀ ತಲೆಯಾಡಿಸಿದಳು. ಆ ಮಾತು ಅಲ್ಲಿಗೇ ಹೋಯಿತು.

ಮಾರನೇ ದಿನದಿಂದ ಮುದ್ದೆ ಕೋಲು ಸಹನಾಳ ಕೈಗೆ ಬಂತು. ಸಿದ್ದರಬೆಟ್ಟದ ದಾರಿಯ ಸರ್ಕಾರಿ ಶಾಲೆಯಲ್ಲಿ ಅವಳು ಟೀಚರು. ನಲವತ್ತು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುವವಳಿಗೆ ಮೂರು ಪಾವು ರಾಗಿ ಹಿಟ್ಟು ಮಾತು ಕೇಳಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಮುದ್ದೆ ತಿರುವಿದ್ದು ಬೆರಳೆಣಿಕೆಯ ಸಲ. ಅದಕ್ಕೂ ಕಾರಣ ಅತ್ತೆಯೇ. ಸಹನಾ ಕೆಲಸದ ಪರೀಕ್ಷೆಗೆ ಓದುವಾಗ, “ನೀನು ಪುಸ್ತಕ ಹಿಡಿ, ಕೋಲು ನಾನು ಹಿಡೀತೀನಿ” ಎಂದು ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಒಲೆ ಮುಂದೆ ಕೂತವಳು ಪಟಾಲಮ್ಮ. ಅದರ ಋಣಕ್ಕೆ ಸಹನಾ ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆಗೆ ಸ್ಲೇಟಿನ ಮೇಲೆ ಅಕ್ಷರ ಕಲಿಸಿದ್ದಳು. ಒತ್ತಕ್ಷರ ಬಂದರೆ ಸ್ವಲ್ಪ ತಡೆದು, ಬೆರಳಿಟ್ಟು, ಬಸ್ಸಿನ ಬೋರ್ಡು ಓದುವಷ್ಟು ಕಲಿತಿದ್ದಳು ಪಟಾಲಮ್ಮ.

ಇನ್ನು ಮಾವ ದೊಡ್ಡಹನುಮಯ್ಯ. ಹೈಸ್ಕೂಲಿನಲ್ಲಿ ಅಟೆಂಡರಾಗಿ ರಿಟೈರಾದವನು. ಗಂಟೆ ಹೊಡೆದು ಹೊಡೆದು ಮಾತು ಕಮ್ಮಿಯಾಗಿದ್ದ ಆಸಾಮಿ. ಆದರೆ ಮುದ್ದೆಯಲ್ಲಿ ಗಂಟು ಹುಡುಕುವುದರಲ್ಲಿ ಅವನನ್ನು ಮೀರಿಸಿದವರು ಆ ಹೋಬಳಿಯಲ್ಲೇ ಇರಲಿಲ್ಲ. ಸಾಸಿವೆಯಷ್ಟು ಹಿಟ್ಟಿನ ಗಂಟು ನಾಲಿಗೆಗೆ ಸಿಕ್ಕಿದರೂ ಬಾಯಿ ನಿಲ್ಲುತ್ತಿತ್ತು. ಬೆರಳು ಹಾಕಿ ತೆಗೆದು ತಟ್ಟೆಯ ಅಂಚಿಗೆ ಅಂಟಿಸಿ, “ಗಂಟೈತೆ” ಎನ್ನುತ್ತಿದ್ದ. ಮದುವೆಯಾಗಿ ಐವತ್ತು ವರ್ಷ, ಹೆಂಡತಿಯ ಅಡುಗೆಗೆ ಅವನು ಕೊಟ್ಟ ಸರ್ಟಿಫಿಕೇಟು ಅದೊಂದೇ. ಸೊಸೆಯ ಮುದ್ದೆಗೆ ಅವನು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ತಟ್ಟೆಯ ಅಂಚಿನಲ್ಲಿ ಮಾತ್ರ ಮೊದಲ ದಿನ ನಾಲ್ಕು ಗಂಟು ಸಾಲಾಗಿ ಕೂತವು, ಎರಡನೇ ದಿನ ಆರು.

ಸೊಸೆಯ ಮುದ್ದೆ ಕೆಟ್ಟರೆ ಅತ್ತೆಗೆ ಒಳಗೊಳಗೇ ಖುಷಿಯಾಗಬೇಕು, ಲೋಕದ ಲೆಕ್ಕ ಅದು. ಪಟಾಲಮ್ಮನಿಗೆ ಆಗಲಿಲ್ಲ. ಅವಳು ನಡುಮನೆಯ ಚಾಪೆಯಲ್ಲಿ ಕೂತು ಗಂಡನ ತಟ್ಟೆಯನ್ನೂ ತನ್ನ ಕೈಗಳನ್ನೂ ನೋಡಿಕೊಳ್ಳುತ್ತಿದ್ದಳು. ಖಾಲಿ ಕೈಗಳು ಮಡಿಲಲ್ಲಿ ನಡುಗುತ್ತಿದ್ದವು. ಒಂದು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಬಂದಳು. ಹಗಲು ಮಲಗಲು ಶುರು ಮಾಡಿದಳು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಮೊಮ್ಮಗಳು ಶರಣ್ಯಾಳ ಜಡೆ ಹಾಕಲು ಹೋಗಿ, ಆಗದೆ, ಬಾಚಣಿಗೆ ಕೆಳಗಿಟ್ಟು ಅಂದಳು:

“ಮಧುಗಿರಿ ಕಡೆ ನನ್ ತಂಗಿ ಚಿಕ್ಕಹನುಮಕ್ಕ ಒಬ್ಳೇ ಅವಳೆ. ಅಲ್ಲಿಗೆ ಹೋಗಿ ಇದ್ಬುಡ್ತೀನಿ.”

“ಎಷ್ಟು ದಿನಕ್ಕೆ ಅತ್ತೆ?”

“ದಿನ ಯಾಕೆ ಎಣುಸ್ತೀಯ. ಇಲ್ಲಿ ಕುಂತು ಉಣ್ಣಕ್ಕೆ ಗಂಟ್ಲಲ್ಲಿ ಇಳಿಯಲ್ಲ.”

ಅತ್ತೆ ಇಲ್ಲದ ಆ ಮನೆಯನ್ನು ಸಹನಾ ಒಂದು ಸಲವೂ ಯೋಚಿಸಿರಲಿಲ್ಲ.

ಅದೇ ವಾರ ಅವಳಿಗೆ ಮಧುಗಿರಿಯಲ್ಲಿ ಮೂರು ದಿನದ ತರಬೇತಿ ಬಿತ್ತು. ಅಲ್ಲಿ ವನಜಾಕ್ಷಿ ಮೇಡಂ ಎನ್ನುವವರು ಬುದ್ಧಿಮಂಥನ ಅಂದರೇನೆಂದು ಆಡಿಸಿ ತೋರಿಸಿದರು. ಹಾಳೆಯ ನಡುವೆ ಪ್ರಶ್ನೆ ಬರೆಯಿರಿ. ತೋಚಿದ್ದೆಲ್ಲ ಹೇಳಿ, ಹುಚ್ಚುಚ್ಚಾಗಿದ್ದರೂ ಸರಿ. ಯಾರ ಮಾತಿಗೂ ಯಾರೂ ಆಗಲ್ಲ ಅನ್ನಬಾರದು. ಒಬ್ಬರ ಮಾತಿಗೆ ಇನ್ನೊಬ್ಬರು ಜೋಡಿಸಬಹುದು. ಆರಿಸುವುದು ಕೊನೆಗೆ. ಏನೂ ದಾರಿ ಕಾಣದಿದ್ದರೆ ಪ್ರಶ್ನೆಯನ್ನೇ ತಲೆಕೆಳಗು ಮಾಡಿ ನೋಡಿ. ತರಬೇತಿಯಲ್ಲಿ ಸಾಮಾನ್ಯವಾಗಿ ಊಟದ ಮೇಲೆ ತೂಕಡಿಸುವ ಸಹನಾ ಈ ಸಲ ಎಲ್ಲ ಬರೆದುಕೊಂಡಳು. ಬರುವಾಗ ಮಿಕ್ಕಿದ್ದ ಒಂದು ಚಾರ್ಟ್ ಹಾಳೆಯನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಭಾನುವಾರ ತಿಂಡಿಯಾದ ಮೇಲೆ ನಡುಮನೆಯ ಗೋಡೆಗೆ ಚಾರ್ಟು ಏರಿತು. ಪಟಾಲಮ್ಮ ಹಿತ್ತಲಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಅವಳನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಟೀಚರಮ್ಮನಿಗೂ ಹೊಳೆಯಲಿಲ್ಲ. ಸಹನಾ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದಳು: ‘ಅಜ್ಜಿಯನ್ನು ಒಲೆಯಿಂದ ದೂರ ಇಡುವುದು ಹೇಗೆ?’

“ಇದೇಂ ಪನಿ,” ಎಂದ ಭೀಮರಾಜು, ಪಾವಗಡದ ತೆಲುಗಿನಲ್ಲಿ. “ಇದೇನ್ ಕೆಲಸ, ಮನೆ ಮಾತಿಗೆಲ್ಲ ಚಾರ್ಟ್ ಬರೀತಾರಾ?”

“ಬರೀಬೇಕು ಅಪ್ಪ,” ಎಂದಳು ನಾಲ್ಕನೇ ಕ್ಲಾಸಿನ ಶರಣ್ಯಾ. “ಆಗಲ್ಲ ಅಂತ ಅಂದವರು ಒಂದು ಮೊರ ಅವರೆಕಾಯಿ ಸುಲೀಬೇಕು. ಇದು ನನ್ನ ರೂಲ್ಸು.”

ಅವರೆಕಾಯಿಯ ಕಾಲ. ಮೂಲೆಯಲ್ಲಿ ಒಂದು ಚೀಲ ತುಂಬಾ ಕಾಯಿ ಕೂತಿತ್ತು. ಎಲ್ಲರೂ ಒಪ್ಪಿದರು.

ಭೀಮರಾಜುವಿನ ತಮ್ಮ ಅಶ್ವತ್ಥ ಕೊರಟಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಅವನ ತಲೆಗೆ ಯಾವುದೇ ಕಷ್ಟ ಬಂದರೂ ಅದಕ್ಕೊಂದು ಮೋಟಾರ್ ಹೊಳೆಯುತ್ತಿತ್ತು. “ಅತ್ಗೆ, ಬರ್ಕಳಿ. ಮುದ್ದೆ ಕೋಲಿಗೆ ಅರ್ಧ ಎಚ್‌ಪಿ ಮೋಟ್ರು.”

“ಲೇ, ಹಿಟ್ಟೆಲ್ಲ ಸೂರಿಗೆ ಹಾರ್ತದೆ. ಆಗಲ್ಲ ಅದು,” ಎಂದ ಭೀಮರಾಜು.

“ಒಂದು ಮೊರ,” ಎಂದಳು ಮಗಳು.

ಹೋಟೆಲಿನಿಂದ ಮುದ್ದೆ ತರಿಸುವುದು, ರಾಗಿ ಬಿಟ್ಟು ಅನ್ನಕ್ಕೆ ಬರುವುದು, ಅಡುಗೆಮನೆಗೆ ಬೀಗ, ಅಜ್ಜಿಗೆ ಹೊಸ ಟಿವಿ, ಅಜ್ಜಿಗೆ ಎರಡು ಕುರಿಮರಿ. ಒಂದೊಂದೂ ಚಾರ್ಟಿನ ಮೇಲೆ ಬಂತು. ಭೀಮರಾಜು ಮೂರು ಸಲ ಆಗಲ್ಲ ಅಂದ, ಮೂರು ಮೊರ ಸುಲಿದ. ದೊಡ್ಡಹನುಮಯ್ಯನನ್ನು ಕೇಳಿದರೆ, “ನಂಗೇನ್ ತಿಳೀತದೆ” ಎಂದು ಟವೆಲ್ ಕೊಡವಿ ಹೊರಗೆ ಹೋದ. ಹದಿನೇಳು ಉಪಾಯ ಸೇರಿದವು. ಸಹನಾಳಿಗೆ ತರಬೇತಿ ಸಾರ್ಥಕವಾಯಿತು ಎನ್ನಿಸಿತು.

ಬುಧವಾರ ಸಂಜೆ ಸಹನಾ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಮೆಲ್ಲಗೆ ಓದುವ ದನಿ ಕೇಳಿತು. ಶರಣ್ಯಾ ಇರಬೇಕು ಅಂದುಕೊಂಡಳು. ಪಟಾಲಮ್ಮ ಗೋಡೆಯ ಮುಂದೆ ಪಟ್ಟಿ ಕಟ್ಟಿದ ಕಾಲನ್ನು ಎತ್ತಿ ಹಿಡಿದು ನಿಂತಿದ್ದಳು. ನಡುಗುವ ಬೆರಳು ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತಿತ್ತು.

“ಅ-ಜ್ಜಿ-ಯ-ನ್ನು... ಒ-ಲೆ-ಯಿಂ-ದ... ದೂ-ರ...”

“ಅತ್ತೆ,” ಎಂದಳು ಸಹನಾ.

ಪಟಾಲಮ್ಮ ತಿರುಗಿ ನೋಡಿದಳು. ಸಿಟ್ಟು ಮಾಡಿದ್ದರೆ ಸಹನಾ ತಡೆದುಕೊಳ್ಳುತ್ತಿದ್ದಳು. “ಓದದು ಕಲ್ಸಿದ್ದು ನೀನೇ ಕಣಮ್ಮ. ಒಳ್ಳೇದೇ ಆಯ್ತು,” ಎಂದು ನಿಧಾನವಾಗಿ ಒಳಗೆ ಹೋದಳು. ಹೋಗಿ ಎರಡು ಸೀರೆ, ಮಾತ್ರೆಯ ಡಬ್ಬಿ, ಎಲೆಅಡಿಕೆ ಚೀಲ ಒಂದು ಕೈಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟಳು. “ಸೋಮವಾರ ಬೆಳಗ್ಗೆ ಏಳೂವರೆ ಬಸ್ಸಿಗೆ,” ಅಂದಳು. ಯಾರನ್ನೂ ಕೇಳುವ ದನಿ ಅದಲ್ಲ.

ಸಹನಾ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಅತ್ತಳು. ಶಾಲೆಯಲ್ಲಿ ಮಕ್ಕಳ ಬಗ್ಗೆ ಫಾರಂ ತುಂಬುವಾಗ ಮಕ್ಕಳನ್ನು ಕೇಳದೆ ತುಂಬುವ ಅಭ್ಯಾಸ. ಅದನ್ನೇ ಮನೆಗೂ ತಂದಿದ್ದಳು. ಅವಳೇ ಹಾಗಂದುಕೊಂಡಳು, ಬೇರೆಯವರು ಹೇಳಬೇಕಾಗಲಿಲ್ಲ.

ಶನಿವಾರ ಸಂಜೆ ಭೀಮರಾಜು ಬರುವಷ್ಟರಲ್ಲಿ ಸಹನಾ ಚಾರ್ಟನ್ನು ಹರಿದು ಬಚ್ಚಲ ಒಲೆಗೆ ಹಾಕಿದ್ದಳು. ಹಳೆಯ ಕ್ಯಾಲೆಂಡರಿನ ಹಿಂಬದಿ ನೆಲದ ಮೇಲೆ ಹಾಸಿದಳು. ಪಟಾಲಮ್ಮ ಹೊಸಿಲ ಆಚೆ, ಅಡುಗೆಮನೆಗೆ ಬೆನ್ನು ಮಾಡಿ ಕೂತಿದ್ದಳು. ಸಹನಾ ಅವಳ ಕೈ ಹಿಡಿದು, “ಅತ್ತೆ, ನೀವು ನಡುವೆ ಕೂತ್ಕೋಬೇಕು. ಸೋಮವಾರ ಹೋಗೋರು ಹೋಗಿ, ಇವತ್ತು ಕೂತ್ಕೊಳ್ಳಿ,” ಎಂದು ಕರೆತಂದಳು. ಆಮೇಲೆ ಎಲ್ಲರತ್ತ ತಿರುಗಿ ಕೇಳಿದಳು:

“ಪ್ರಶ್ನೆ ತಲೆಕೆಳಗು ಮಾಡಿದೀನಿ. ಅತ್ತೆ ಈ ಮನೆ ಬಿಟ್ಟು ಹೋಗಬೇಕು ಅಂದ್ರೆ ನಾವೆಲ್ಲ ಏನೇನು ಮಾಡಬೇಕು? ಹೇಳಿ.”

“ಏನೇ ಇದು, ಹುಚ್ಚಾ ನಿಂಗೆ?” ಎಂದ ಭೀಮರಾಜು.

“ಆಗಲ್ಲ ಅಂದ್ರಾ?”

“ಅನ್ಲಿಲ್ಲ,” ಎಂದು ಅವನು ಮೂಲೆಯ ಚೀಲವನ್ನು ನೋಡಿದ.

ಶರಣ್ಯಾಳಿಗೆ ಇದು ಆಟ. “ಅಜ್ಜಿ ಹತ್ರ ಕೋಲು ಕಿತ್ಕೋಬೇಕು,” ಎಂದಳು. ಅಶ್ವತ್ಥ ನಗುತ್ತಾ, “ಅವ್ವಂಗೆ ಗೊತ್ತಾಗ್ದಂಗೆ ಅವ್ವನ ಬಗ್ಗೆ ಮಾತಾಡ್ಬೇಕು,” ಎಂದ. ಅಂದ ಮೇಲೆ ಅವನ ನಗು ನಿಂತಿತು. ಸಹನಾ ಬರೆದಳು. “ಗೋಡೆ ಮೇಲೆ ಅಂಟಿಸಬೇಕು,” ಎಂದು ತಾನೇ ಸೇರಿಸಿ ಅದನ್ನೂ ಬರೆದಳು. ಭೀಮರಾಜು ಉಗುರು ನೋಡಿಕೊಂಡು, “ಪಾವಗಡದಲ್ಲಿ ಕುಂತ್ಕಂಡು ಫೋನಲ್ಲಿ ಹೊಸಿಲು ದಾಟಬೇಡ ಅನ್ನಬೇಕು,” ಎಂದ. ಮಾಡಬೇಕಾದ್ದು ಎಂದು ಬರೆಯುತ್ತಿದ್ದುದೆಲ್ಲ ಆಗಲೇ ಮಾಡಿ ಮುಗಿಸಿದ್ದೇ. ಆ ಕ್ಯಾಲೆಂಡರ್ ಹಾಳೆಯನ್ನು ಯಾರಿಗೂ ನೆಟ್ಟಗೆ ನೋಡಲಾಗಲಿಲ್ಲ.

ಬಾಗಿಲಿಗೆ ಒರಗಿದ್ದ ದೊಡ್ಡಹನುಮಯ್ಯ ಗಂಟಲು ಸರಿಮಾಡಿಕೊಂಡ.

“ಐವತ್ತು ವರ್ಷ ಗಂಟೈತೆ, ಗಂಟೈತೆ ಅಂತ ಅನ್ಬೇಕು,” ಎಂದ. “ಗಂಟಿಲ್ದ ದಿನ ಬಾಯಿ ಮುಚ್ಕಂಡು ಎದ್ದು ಹೋಗ್ಬೇಕು. ಬರ್ಕಳಮ್ಮ.”

ಸಹನಾಳ ಕೈಯಲ್ಲಿ ಪೆನ್ನು ಹಾಗೇ ನಿಂತಿತು. ಪಟಾಲಮ್ಮ ಗಂಡನನ್ನು ನೋಡಲಿಲ್ಲ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಆಮೇಲೆ, “ನನ್ನೂ ಒಂದು ಮಾತು ಕೇಳಿ,” ಎಂದಳು.

“ಹೇಳಿ ಅತ್ತೆ. ಕೇಳಬೇಕು ಅಂತಾನೇ ಕೂರಿಸಿದ್ದು.”

“ಪಾತ್ರೆ ಜಾರಿದ್ದು ಗ್ಯಾಸ್ ಕಟ್ಟೆಯಿಂದ ಇಳ್ಸುವಾಗ. ತಿರುವುವಾಗಲ್ಲ. ಕೋಲು ಬಿಗಿಯಾಗಿ ಹಿಡುದ್ರೆ ನಡುಕ ನಿಲ್ತದೆ ಅಂತ ಅವತ್ತೇ ಅಂದೆ. ನೀನು ಫೋನಲ್ಲಿದ್ದೆ.”

ಸಹನಾಳಿಗೆ ನೆನಪಾಯಿತು. ತಾನು ತಲೆಯಾಡಿಸಿದ್ದೂ ನೆನಪಾಯಿತು. “ತಪ್ಪಾಯ್ತು ಅತ್ತೆ,” ಎಂದಳು. ಹಾಳೆ ಮಗುಚಿ, ಕ್ಯಾಲೆಂಡರಿನ ಮೇಲೆ ಅಚ್ಚಾಗಿದ್ದ ಎಲೆಕ್ಷನ್ನಿಗೆ ನಿಂತವರ ಮುಖದ ಪಕ್ಕದಲ್ಲಿ ಖಾಲಿಯಿದ್ದ ಜಾಗದಲ್ಲಿ ಅತ್ತೆ ಹೇಳಿದಂತೆಯೇ ಬರೆದಳು: ‘ನಾನು ಮುದ್ದೆ ತಿರುವಬೇಕು. ಪಾತ್ರೆ ಬೀಳಬಾರದು.’

ಆಮೇಲೆ ಮಾತು ಹರಿಯಿತು. “ಅಜ್ಜಿ ಇಳಿಸಬಾರದು, ಬೇರೆಯವರು ಇಳಿಸಬೇಕು,” ಎಂದಳು ಶರಣ್ಯಾ. “ಇಳಿಸಿ ನೆಲದ ಮೇಲೆ ಇಟ್ರೆ ಅವ್ವ ಕುಂತು ತಿರುವಬಹುದು,” ಎಂದು ಅಶ್ವತ್ಥ ಅದಕ್ಕೆ ಜೋಡಿಸಿದ. “ಮಂಡಿ ಮಡಚಕ್ಕೆ ಆಗಲ್ಲ ನಂಗೆ,” ಎಂದಳು ಪಟಾಲಮ್ಮ. ಶರಣ್ಯಾ ಮೊರ ಎತ್ತಿಕೊಳ್ಳಲು ಹೋದವಳು ಅಪ್ಪನ ಮುಖ ನೋಡಿ ಬಿಟ್ಟಳು. “ಮಣೆ ಎತ್ತರ ಮಾಡಿದ್ರೆ?” ಎಂದ ಭೀಮರಾಜು. “ಪಾತ್ರೆ ಅಲ್ಲಾಡ್ದಂಗೆ ನಾನೊಂದು ಕಬ್ಬಿಣದ ಬಳೆ ಮಾಡ್ಕೊಂಡ್ ಬತ್ತೀನಿ, ಹಲಗೆಗೆ ಬೋಲ್ಟ್ ಹಾಕಿ,” ಎಂದ ಅಶ್ವತ್ಥ. ಈ ಸಲ ಮೋಟಾರ್ ಇಲ್ಲವಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು.

“ಇಳ್ಸೋರು ಯಾರು?” ಎಂದಳು ಪಟಾಲಮ್ಮ. “ಸಹ್ನಾ ಆ ಹೊತ್ತಲ್ಲಿ ಮಗೀನ ರೆಡಿ ಮಾಡ್ತಾ ಇರ್ತಾಳೆ. ಇವ್ರಿಬ್ರೂ ಮನೇಲಿರಲ್ಲ.”

ಆ ಮನೆಯ ಗಂಡಸರು ಒಲೆಯ ಮೇಲಿನ ಪಾತ್ರೆ ಮುಟ್ಟಿದ ಚರಿತ್ರೆಯೇ ಇರಲಿಲ್ಲ. ದೊಡ್ಡಹನುಮಯ್ಯ ಟವೆಲ್ಲನ್ನು ಹೆಗಲಿನಿಂದ ತೆಗೆದು ಮಡಚಿ, ಮತ್ತೆ ಹೆಗಲಿಗೇ ಹಾಕಿಕೊಂಡ.

ಭಾನುವಾರ ಹನ್ನೊಂದಕ್ಕೆ ಅಶ್ವತ್ಥನ ಬಳೆ ಬಂತು. ಅಡುಗೆಮನೆಯಲ್ಲಿ ಎಲ್ಲರೂ ನೆರೆದರು. ಎಸರು ಕುದಿಯಿತು, ಹಿಟ್ಟು ಬಿತ್ತು, ಬೆಂದಿತು. ಭೀಮರಾಜು ಬಟ್ಟೆ ಹಿಡಿದು ಪಾತ್ರೆ ಇಳಿಸಿ ಬಳೆಯೊಳಗೆ ಕೂರಿಸಿದ. ಎತ್ತರದ ಮಣೆಯ ಮೇಲೆ ಕೂತ ಪಟಾಲಮ್ಮ ಕೋಲು ಹಾಕಿ ಒಂದು ಸುತ್ತು ತಿರುವಿದಳು. ಕೋಲಿನ ಜೊತೆ ಪಾತ್ರೆಯೂ ಒಂದು ಸುತ್ತು ತಿರುಗಿತು.

“ಬಳೆ ಒಂದಿಂಚು ದೊಡ್ಡದಾಯ್ತು,” ಎಂದ ಅಶ್ವತ್ಥ, ಸಣ್ಣ ದನಿಯಲ್ಲಿ.

ಭೀಮರಾಜುವಿನ ಬಾಯಿಗೆ ಬಂದ ಮಾತು ಆಗಲ್ಲ ಅನ್ನುವುದೇ. ನುಂಗಿಕೊಂಡ. ಪಟಾಲಮ್ಮ ಕೋಲನ್ನು ಕೆಳಗಿಟ್ಟಳು. ಕೈ ಮತ್ತೆ ನಡುಗತೊಡಗಿತು. ಅವಳ ಕಣ್ಣು ಬಾಗಿಲ ಹಿಂದಿನ ಕೈಚೀಲದ ಕಡೆಗೆ ಹೋಗಿದ್ದನ್ನು ಸಹನಾ ನೋಡಿದಳು.

ಅಷ್ಟರಲ್ಲಿ ಅಟ್ಟದ ಮೇಲೆ ಏನೋ ಸರಿದಾಡಿದ ಸದ್ದಾಯಿತು. ಯಾರಿಗೂ ತಿಳಿಯದಂತೆ ಎದ್ದು ಹೋಗಿದ್ದ ದೊಡ್ಡಹನುಮಯ್ಯ ಏಣಿಯಿಂದ ಇಳಿದು ಬಂದ. ತಲೆಯ ತುಂಬಾ ಜೇಡರ ಬಲೆ, ಕೈಯಲ್ಲಿ ಒಂದು ಕವೆಗೋಲು. ತುದಿಯಲ್ಲಿ ಎರಡಾಗಿ ಕವಲೊಡೆದ ಹುಣಸೆ ಕೊಂಬೆ ಅದು. ಹಿಂದೆ ನೆಲದೊಲೆ ಇದ್ದಾಗ ಪಾತ್ರೆಯ ಕಂಠಕ್ಕೆ ಕವಲು ಸಿಕ್ಕಿಸಿ, ಹಿಡಿಯನ್ನು ಕಾಲಲ್ಲಿ ಅದುಮಿಕೊಂಡು ಪಟಾಲಮ್ಮ ಮುದ್ದೆ ತಿರುವುತ್ತಿದ್ದಳು. ಗ್ಯಾಸಿಗೆ ಕಟ್ಟೆ ಕಟ್ಟಿಸಿದ ಮೇಲೆ ಅದು ಅಟ್ಟ ಸೇರಿತ್ತು.

“ಇವಳ ಕಾಲು ಸುಟ್ಟದೆ, ಅದುಮಕ್ಕಾಗಲ್ಲ,” ಎಂದ. “ನನ್ ಕಾಲು ನೆಟ್ಟಗವೆ.”

ಅವನು ಹೆಂಡತಿಯ ಎದುರಿಗೆ ನೆಲದ ಮೇಲೆ ಕೂತ. ಕವಲನ್ನು ಪಾತ್ರೆಗೆ ಸಿಕ್ಕಿಸಿ ಎರಡೂ ಪಾದಗಳಿಂದ ಅದುಮಿ ಹಿಡಿದ. ಆ ವಯಸ್ಸಿನಲ್ಲಿ ಹಾಗೆ ಕೂರುವಾಗ ಸೊಂಟ ಲಟಕ್ಕೆಂದಿದ್ದು ಎಲ್ಲರಿಗೂ ಕೇಳಿಸಿತು. “ನಾಳೆಯಿಂದ ಇಳ್ಸೋನೂ ನಾನೇ. ಹೆಂಗೆ ಹಿಡೀಬೇಕು ಅಂತ ಒಂದ್ಸಲ ಹೇಳ್ಕೊಡು. ತಿರುವು ಈಗ, ಆರೋಗ್ತದೆ.”

ಪಟಾಲಮ್ಮ ಎರಡೂ ಕೈಯಲ್ಲಿ ಕೋಲು ಹಿಡಿದಳು. ಒಂದು ಸುತ್ತು, ಎರಡು ಸುತ್ತು. ಪಾತ್ರೆ ಅಲ್ಲಾಡಲಿಲ್ಲ. ಸಹನಾ ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ನಡುಕ ಎಲ್ಲಿ ಹೋಯಿತೋ ಗೊತ್ತಿಲ್ಲ, ಮುಂಗೈಯ ನರ ಬಿಗಿದು ಕೋಲು ಗಟ್ಟಿಯಾಗಿ ಸುತ್ತುತ್ತಿತ್ತು. ಸಹನಾಳ ಕಣ್ಣು ತುಂಬಿ ಬಂತು. ಅವಳು ಅದನ್ನು ಮರೆಮಾಚಲು ಹೋಗಲಿಲ್ಲ.

ಮಧ್ಯಾಹ್ನ ಎಲ್ಲರೂ ಅಡುಗೆಮನೆಯಲ್ಲೇ ಊಟಕ್ಕೆ ಕೂತರು. ಭೀಮರಾಜು ಸುಲಿದ ಅವರೆಕಾಳಿನ ಸಾರು. ದೊಡ್ಡಹನುಮಯ್ಯ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಎರಡನೆಯದು. ಮೂರನೆಯ ತುತ್ತಿಗೆ ಅವನ ಬಾಯಿ ನಿಂತಿತು. ಆ ಬಾಯಿ ನಿಂತರೆ ಏನರ್ಥ ಎಂದು ಮನೆಗೆಲ್ಲ ಗೊತ್ತು. ಅವನ ಬೆರಳು ತಟ್ಟೆಯ ಅಂಚಿಗೆ ಹೋಗಲಿಲ್ಲ. ಗಂಟಲು ಒಮ್ಮೆ ಮೇಲೆ ಕೆಳಗೆ ಆಗಿ ತುತ್ತು ಇಳಿಯಿತು.

“ತಾತ, ಗಂಟು ಸಿಕ್ತಾ?” ಎಂದಳು ಶರಣ್ಯಾ.

“ಎಲ್ಲೈತೆ ಗಂಟು. ಸುಮ್ನೆ ಉಣ್ಣು.”

“ಐತೆ,” ಎಂದಳು ಪಟಾಲಮ್ಮ. ತನ್ನ ತಟ್ಟೆಯ ಅಂಚಿಗೆ ಎರಡು ಗಂಟನ್ನು ಪಕ್ಕಪಕ್ಕ ಅಂಟಿಸಿ ಗಂಡನ ಕಡೆ ತಿರುಗಿಸಿ ತೋರಿಸಿದಳು. “ಕೊನೆಗೊಂದ್ಸಲ ಕಾಲು ಸಡಿಲ ಬುಟ್ಟೆ ನೀನು. ಹಿಡಿಯೋರು ಅಲ್ಲಾಡುದ್ರೆ ಗಂಟಾಗ್ದೆ ಇನ್ನೇನಾಯ್ತದೆ.”

ದೊಡ್ಡಹನುಮಯ್ಯ ಆ ಎರಡು ಗಂಟನ್ನೂ ನೋಡಿದ. ಐವತ್ತು ವರ್ಷದಲ್ಲಿ ಮೊದಲ ಸಲ ಗಂಟು ಅವನ ಪಾಲಿಗೆ ಬಂದಿತ್ತು.

“ನಾಳೆ ನೆಟ್ಟಗೆ ಹಿಡೀತೀನಿ ಬುಡು,” ಎಂದ.

ನಾಳೆ ಸೋಮವಾರ. ಏಳೂವರೆ ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಪಟಾಲಮ್ಮ ಅರ್ಧ ಮುದ್ದೆ ಮುಗಿಸಿ, ತಟ್ಟೆ ಮುಂದೆ ತಳ್ಳದೆ, ಉಳಿದರ್ಧವನ್ನೂ ಹತ್ತಿರ ಎಳೆದುಕೊಂಡಳು.

“ಆರು ಗಂಟೆಗೇ ಏಳ್ಬೇಕು ಅಂಗಾದ್ರೆ,” ಎಂದು ಗಂಡನಿಗೆ ಹೇಳಿದಳು. “ತಡ ಮಾಡುದ್ರೆ ಸಹ್ನಂಗೆ ಇಸ್ಕೂಲ್ ಬಸ್ಸು ತಪ್ಪೋಗ್ತದೆ.”